ಮೈಸೂರಿನ ಮನೆಯಲ್ಲಿ ಜಾಫಿಶ್: ಮೊದಲು ನೆಲ, ಆಮೇಲೆ ನೀರು, ಕೊನೆಗೆ ಮೀನು

ಉಪ್ಪುನೀರಿನ ಅಕ್ವೇರಿಯಂ ಇಡುವವರು ಸಾಮಾನ್ಯವಾಗಿ ಮೊದಲು ಮೀನು ನೋಡುತ್ತಾರೆ, ಆಮೇಲೆ ಲೈಟು, ಕಲ್ಲು, ಫಿಲ್ಟರ್. ಮರಳಿನ ಸರದಿ ಕೊನೆಗೆ. ಗಾಜಿನ ತಳ ಮುಚ್ಚಿದರೆ ಸಾಕು ಅನ್ನುವಷ್ಟು ಸುರಿದುಬಿಡುತ್ತಾರೆ. ಜಾಫಿಶ್ ಸಾಕುವ ಆಸೆಯಿದ್ದರೆ ಈ ಕ್ರಮ ನಡೆಯುವುದಿಲ್ಲ. ಈ ಮೀನು ಮನೆ ಮಾಡುವುದೇ ನೆಲದೊಳಗೆ. ನೆಲ ಸರಿಯಿಲ್ಲದ ಟ್ಯಾಂಕಿನಲ್ಲಿ ನೀರು ಎಷ್ಟೇ ಚೊಕ್ಕವಾಗಿದ್ದರೂ ಅದು ಮೂಲೆ ಹಿಡಿಯುತ್ತದೆ, ಊಟ ಬಿಡುತ್ತದೆ, ಒಂದು ರಾತ್ರಿ ಮೇಲಿನಿಂದ ಹಾರಿ ಹೊರಗೆ ಬೀಳುತ್ತದೆ. ಮರಳನ್ನು ಆಮೇಲೆ ಸರಿಮಾಡಿಕೊಳ್ಳೋಣ ಅನ್ನುವಂತೆಯೂ ಇಲ್ಲ. ನೀರು, ಕಲ್ಲು, ಜೀವ ಎಲ್ಲವನ್ನೂ ಹೊರಗೆ ತೆಗೆಯದೆ ಆಗುವ ಕೆಲಸ ಅಲ್ಲ ಅದು.

ಇಲ್ಲಿ ಹೇಳುತ್ತಿರುವುದು ಹಳದಿ ತಲೆಯ ಜಾಫಿಶ್ ಬಗ್ಗೆ. ಅಂಗಡಿಗಳಲ್ಲಿ ಯೆಲ್ಲೋಹೆಡ್ ಅಥವಾ ಪರ್ಲಿ ಜಾಫಿಶ್ ಅನ್ನುತ್ತಾರೆ. ಶಾಸ್ತ್ರೀಯ ಹೆಸರು ಒಪಿಸ್ಟೊಗ್ನೇಥಸ್ ಆರಿಫ್ರಾನ್ಸ್. ಊರು ಫ್ಲಾರಿಡಾ, ಬಹಾಮಾಸ್, ಕೆರಿಬಿಯನ್ ಸಮುದ್ರದ ಕಡೆ. ಉದ್ದ ಸುಮಾರು 10 ಸೆಂ.ಮೀ. ತಲೆ ತೆಳು ಹಳದಿ, ಮೈ ಮುತ್ತಿನ ಹೊಳಪಿನ ತಿಳಿನೀಲಿ. ಹವಳದ ಬಂಡೆಗಳ ಪಕ್ಕದ ಮರಳು-ಚೂರುಕಲ್ಲಿನ ನೆಲದಲ್ಲಿ ಬಾಯಿಂದಲೇ ಬಿಲ ತೋಡುತ್ತದೆ. ಹಗಲೆಲ್ಲ ಬಿಲದ ಬಾಯಿಯ ಮೇಲೆ ಲಂಬವಾಗಿ ನಿಂತು, ಹರಿವಿನಲ್ಲಿ ತೇಲಿಬರುವ ಸಣ್ಣ ಜೀವಿಗಳನ್ನು ಹೆಕ್ಕುತ್ತದೆ. ಹೆದರಿದರೆ ಬಾಲ ಮುಂದಾಗಿ ಬಿಲಕ್ಕೆ ಇಳಿಯುತ್ತದೆ. ಕತ್ತಲಾದ ಮೇಲೆ ಒಂದು ಕಲ್ಲನ್ನೋ ಚಿಪ್ಪನ್ನೋ ಎಳೆದು ಬಾಗಿಲು ಹಾಕಿಕೊಳ್ಳುತ್ತದೆ. ಇಷ್ಟು ನಡೆಯುವುದಕ್ಕೆ ಏನೇನು ಬೇಕು ಎಂದು ಹಿಂದಿನಿಂದ ಲೆಕ್ಕ ಹಾಕುತ್ತ ಬಂದರೆ ಟ್ಯಾಂಕು ತಾನಾಗಿ ರೂಪ ಪಡೆಯುತ್ತದೆ.

ಕೊಳ್ಳುವ ಮೊದಲು ಒಂದು ಎಚ್ಚರಿಕೆ. ನೀಲಿ ಚುಕ್ಕೆಯ ಜಾಫಿಶ್ ಎಂಬ ಇನ್ನೊಂದು ಜಾತಿ ಇದೆ, ನೋಡಿದರೆ ಕಣ್ಣು ಕೀಳಲಾಗುವುದಿಲ್ಲ. ಅದು ಮೆಕ್ಸಿಕೋದ ಕ್ಯಾಲಿಫೋರ್ನಿಯಾ ಕೊಲ್ಲಿಯದು, ತಂಪು ನೀರು ಬೇಡುತ್ತದೆ. ಬೇಸಿಗೆಯಲ್ಲಿ ನೀರು ತಂಪು ಮಾಡುವ ಚಿಲ್ಲರ್ ಯಂತ್ರ ಇಲ್ಲದ ಮೈಸೂರಿನ ಮನೆಗೆ ಅದನ್ನು ತರುವುದು ಆ ಮೀನಿಗೆ ಮಾಡುವ ಅನ್ಯಾಯ.

ಟ್ಯಾಂಕು ಮತ್ತು ಜಾಗ

ಒಂದು ಜಾಫಿಶ್‌ಗೆ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, 20 ಇಂಚು ಎತ್ತರದ ಟ್ಯಾಂಕು ಹದವಾದದ್ದು. ಎತ್ತರಕ್ಕಿಂತ ತಳದ ವಿಸ್ತಾರ ಮುಖ್ಯ, ಆದರೂ 20 ಇಂಚು ಹೇಳಲು ಕಾರಣವಿದೆ: ಅದರಲ್ಲಿ 7 ಇಂಚು ಮರಳಿಗೇ ಹೋಗುತ್ತದೆ. 10 ಎಂ.ಎಂ. ಗಾಜಿನಲ್ಲಿ ಹೇಳಿ ಮಾಡಿಸಿ.

ನೀರು ಸುಮಾರು 150 ಲೀಟರ್, ಮರಳು 70 ಕೆ.ಜಿ., ಕಲ್ಲು, ಗಾಜು ಎಲ್ಲ ಸೇರಿ ಭಾರ 300 ಕೆ.ಜಿ. ಹತ್ತಿರ ಬರುತ್ತದೆ. ಸ್ಟ್ಯಾಂಡ್ ಮಾಡುವ ವೆಲ್ಡಿಂಗ್ ಅಂಗಡಿಯವರಿಗೆ ಇದನ್ನು ಬಾಯಿಬಿಟ್ಟು ಹೇಳಬೇಕು: "ಅಣ್ಣಾ, ಇದು ಬರೀ ನೀರಿನ ಟ್ಯಾಂಕಲ್ಲ, ಅರ್ಧ ಮರಳೇ ಇರುತ್ತೆ, ಕಾಲು ದಪ್ಪ ಹಾಕಿ." ಮಹಡಿ ಮನೆಯಾದರೆ ಕೋಣೆಯ ನಡುವೆ ಇಡದೆ, ಕೆಳಗೆ ಬೀಮ್ ಅಥವಾ ಗೋಡೆ ಬರುವ ಕಡೆ ಇಡಿ. ಪಡುವಣ ಬಿಸಿಲು ಕಾಯುವ ಗೋಡೆ ಬೇಡವೇ ಬೇಡ. ಹಳೇ ಅಗ್ರಹಾರದ ಕಡೆಯ ದಪ್ಪಗೋಡೆಯ ಹೆಂಚಿನ ಮನೆಗಳ ನಡುಮನೆ ಇದಕ್ಕೆ ಬಹಳ ಒಳ್ಳೆಯ ಜಾಗ. ಮೇ ತಿಂಗಳಲ್ಲೂ ಅಲ್ಲಿ ತಂಪಿರುತ್ತದೆ.

ಕಲ್ಲು ಮೊದಲು, ಮರಳು ಆಮೇಲೆ

ಖಾಲಿ ಟ್ಯಾಂಕಿಗೆ ಮೊದಲು ಇಳಿಯಬೇಕಾದ್ದು ಕಲ್ಲು. ಕಲ್ಲುಗಳು ಮರಳಿನ ಮೇಲೆ ಕೂರಬಾರದು, ಗಾಜಿನ ತಳದ ಮೇಲೆ ಕೂರಬೇಕು. ಮರಳಿನ ಮೇಲೆ ಕೂರಿಸಿದ ಕಲ್ಲಿನ ಅಡಿಯನ್ನು ಜಾಫಿಶ್ ತೋಡಿಯೇ ತೋಡುತ್ತದೆ, ಏಕೆಂದರೆ ಗಟ್ಟಿ ಸೂರು ಸಿಗುವುದು ಅಲ್ಲೇ. ಕಲ್ಲು ಕುಸಿದರೆ ಒಳಗಿನ ಮೀನು ಜಜ್ಜಿಹೋಗುತ್ತದೆ. ಗಾಜಿನ ಕಡೆಗೆ ವಾಲಿದರೆ ಟ್ಯಾಂಕೇ ಸೀಳುತ್ತದೆ. ತಳದಲ್ಲಿ ಪ್ಲಾಸ್ಟಿಕ್ ಗ್ರಿಡ್ ಹಾಸಿ, ಅದರ ಮೇಲೆ ಪಿವಿಸಿ ಪೈಪಿನ ತುಂಡುಗಳನ್ನು ಕಾಲುಗಳಂತೆ ನಿಲ್ಲಿಸಿ ಕಲ್ಲನ್ನು ಕೂರಿಸಿ, ಎಪಾಕ್ಸಿ ಅಂಟಿನಿಂದ ಕಚ್ಚಿಸಿ. ಕೈಯಿಂದ ಅಲುಗಿಸಿ ನೋಡಿ. ಒಂದಿಷ್ಟು ಅಲುಗಿದರೂ ಮತ್ತೆ ಕಟ್ಟಿ.

ಕಲ್ಲಿನ ಬಗ್ಗೆ ಕಾನೂನಿನ ಮಾತೂ ಇದೆ. ನಮ್ಮ ದೇಶದಲ್ಲಿ ಬಂಡೆ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ, ಹುಲಿಯಷ್ಟೇ ರಕ್ಷಣೆ ಅವಕ್ಕೂ. ಲಕ್ಷದ್ವೀಪದಿಂದಲೋ ಮನ್ನಾರ್ ಕೊಲ್ಲಿಯಿಂದಲೋ ಬಂದದ್ದು ಎಂದು ಹೇಳಿ ಯಾರಾದರೂ ಹವಳದ ಕಲ್ಲು ಮಾರಲು ಬಂದರೆ ಬೇಡ ಅನ್ನಿ. ಅಕ್ವೇರಿಯಂಗೆಂದೇ ಎರಕ ಹೊಯ್ದ ಕೃತಕ ಕಲ್ಲು ಸಿಗುತ್ತದೆ, ಅದು ಸಾಕು. ಕೆಲವೇ ತಿಂಗಳಲ್ಲಿ ಅದರ ಮೇಲೂ ಬ್ಯಾಕ್ಟೀರಿಯಾ, ಪಾಚಿ ಮನೆ ಮಾಡುತ್ತವೆ.

ಇನ್ನು ಮರಳು. ಇಲ್ಲಿ ಆತುರ ಬೇಡ.

ಬರೀ ನುಣುಪು ಮರಳಿನಲ್ಲಿ ಬಿಲ ನಿಲ್ಲುವುದಿಲ್ಲ, ತೋಡಿದಷ್ಟೂ ಜಾರುತ್ತದೆ. ಬರೀ ಚೂರುಕಲ್ಲಾದರೆ ಮೀನಿಗೆ ತೋಡಲಾಗುವುದಿಲ್ಲ. ಬೇಕಾದ್ದು ಬೆರಕೆ. ಅರ್ಧಕ್ಕಿಂತ ತುಸು ಹೆಚ್ಚು 1-2 ಎಂ.ಎಂ. ಕಣದ ಮರಳು, ಕಾಲು ಭಾಗದಷ್ಟು 3-6 ಎಂ.ಎಂ. ತರಿ, ಉಳಿದದ್ದು ಕಡಲೆಕಾಳಿನಿಂದ ಹಿಡಿದು ಹೆಬ್ಬೆರಳ ಉಗುರಿನ ಗಾತ್ರದವರೆಗಿನ ಚಿಪ್ಪು, ಕಲ್ಲಿನ ತುಣುಕುಗಳು. ಬಾವಿಗೆ ಒಳಗಿನಿಂದ ಕಲ್ಲು ಕಟ್ಟಿ ಮಣ್ಣು ಕುಸಿಯದಂತೆ ಮಾಡುವ ಹಾಗೆ ಈ ಮೀನು ದೊಡ್ಡ ತುಣುಕುಗಳನ್ನು ಒಂದೊಂದಾಗಿ ಆರಿಸಿ ಬಿಲದ ಬಾಯಿಗೆ, ಗೋಡೆಗೆ ಒತ್ತುತ್ತದೆ. ಆ ತುಣುಕುಗಳಿಲ್ಲದಿದ್ದರೆ ಅದು ದಿನವಿಡೀ ತೋಡುತ್ತಲೇ ಇರುತ್ತದೆ, ಬಿಲ ಮುಗಿಯುವುದೇ ಇಲ್ಲ.

ಮರಳು ಅರಗೊನೈಟ್ ಆಗಿರಲಿ. ಅದು ಸುಣ್ಣದ ಜಾತಿಯ ಮರಳು, ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಕುಸಿಯದಂತೆ ತಕ್ಕಮಟ್ಟಿಗೆ ಆಧಾರ ಕೊಡುತ್ತದೆ. ಕೊಂಡದ್ದು ನಿಜವಾಗಿ ಸುಣ್ಣದ್ದೇ ಹೌದೋ ಎಂದು ತಿಳಿಯಲು ಒಂದು ಚಿಟಿಕೆಯ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ; ನೊರೆಗುಟ್ಟಿದರೆ ಹೌದು. ಮನೆ ಕಟ್ಟುವಾಗ ಉಳಿದ ಎಂ-ಸ್ಯಾಂಡ್ ಹಾಕಬಹುದಾ ಎಂದು ಹಲವರು ಕೇಳುತ್ತಾರೆ. ಖಂಡಿತ ಬೇಡ. ಅದು ಬಂಡೆ ಒಡೆದು ಮಾಡಿದ್ದು, ಕಣದ ಅಂಚು ಚೂಪು. ಈ ಮೀನಿಗೆ ಗುದ್ದಲಿ, ಮಂಕರಿ ಎರಡೂ ಬಾಯಿಯೇ. ಬಾಯಿ ಗಾಯವಾದರೆ ಸೋಂಕು ತಗಲುತ್ತದೆ. ಹೊಳೆಮರಳೂ ಬೇಡ, ಅದರಲ್ಲಿ ಮಣ್ಣು, ಅಭ್ರಕ ಬೆರೆತಿರುತ್ತವೆ, ಪಿಎಚ್‌ಗೂ ಉಪಯೋಗವಿಲ್ಲ.

ದೊಡ್ಡ ತುಣುಕುಗಳಿಗೆ ಹಣ ಸುರಿಯಬೇಕಿಲ್ಲ. ಕರಾವಳಿಯ ನೆಂಟರಿದ್ದರೆ ಅಡುಗೆಯಾದ ಮೇಲೆ ಉಳಿಯುವ ಕಪ್ಪೆಚಿಪ್ಪನ್ನು ಎತ್ತಿಡಲು ಹೇಳಿ. ಅರ್ಧ ಗಂಟೆ ಕುದಿಸಿ, ಉಜ್ಜಿ ತೊಳೆದು, ಬಿಸಿಲಿಗೆ ಒಣಗಿಸಿ. ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಒಡೆದು, ಚೂಪಾದ ಅಂಚುಗಳನ್ನು ಒರಟು ಕಲ್ಲಿನ ಮೇಲೆ ತಿಕ್ಕಿ ಮೊಂಡು ಮಾಡಿ.

ಟ್ಯಾಂಕಿನ ಉದ್ದಕ್ಕೂ 7 ಇಂಚು ತುಂಬಬೇಕಿಲ್ಲ. ಅರ್ಧ ಭಾಗದಲ್ಲಿ 7 ಇಂಚು, ಉಳಿದರ್ಧದಲ್ಲಿ ಎರಡೂವರೆ ಇಂಚು ಸಾಕು. ನಡುವೆ 5 ಇಂಚು ಎತ್ತರದ ಗಾಜಿನ ಪಟ್ಟಿಯನ್ನು ಅಕ್ವೇರಿಯಂ ಸಿಲಿಕೋನ್‌ನಿಂದ ಅಂಟಿಸಿ ತಡೆ ಮಾಡಿ. ಬಚ್ಚಲುಮನೆಗೆ ಬಳಸುವ, ಬೂಷ್ಟು ತಡೆಯುವ ಔಷಧಿ ಸೇರಿಸಿದ ಸಿಲಿಕೋನ್ ಮೀನಿಗೆ ವಿಷ. ಆಳದ ಭಾಗದಲ್ಲಿ ಕಲ್ಲಿನ ಅಂಚಿಗೆ ತಾಗಿಸಿ ಒಂದು ಇಂಚಿನ ಪಿವಿಸಿ ಪೈಪನ್ನು ಓರೆಯಾಗಿ ಹೂತು, ಬಾಯಿ ಮಾತ್ರ ಹೊರಗೆ ಕಾಣುವಂತೆ ಬಿಡಿ. ಹೊಸದಾಗಿ ಬಂದ ಮೀನು ಅದನ್ನೇ ಮನೆ ಮಾಡಿಕೊಳ್ಳಬಹುದು, ಅಥವಾ ಎರಡು ದಿನ ತಂಗಿ ತನ್ನದೇ ಬಿಲ ತೋಡಬಹುದು. ಎರಡೂ ಒಳ್ಳೆಯದೇ.

ನೀರು

ಬೆಳಗೊಳ, ಹೊಂಗಳ್ಳಿ, ಮೇಳಾಪುರದಿಂದ ನಮಗೆ ಬರುವ ಕಾವೇರಿ ನೀರಾಗಲಿ, ಕಬಿನಿ ನೀರಾಗಲಿ ಕ್ಲೋರಿನ್ ಹಾಕಿ ಶುದ್ಧ ಮಾಡಿದ್ದು. ಕುಡಿಯಲು ಸರಿ, ಈ ಟ್ಯಾಂಕಿಗೆ ನೇರವಾಗಿ ಬಳಸಲು ಸರಿಯಲ್ಲ. ಬೋರ್‌ವೆಲ್ ನೀರು ಇನ್ನೂ ಗಡಸು. ಮಂಡ್ಯದ ಕಡೆ ಕಬ್ಬು, ಭತ್ತದ ಗದ್ದೆ ಪಕ್ಕದ ಬೋರಾದರೆ ಗೊಬ್ಬರದ ನೈಟ್ರೇಟ್ ಇಳಿದಿರುವ ಸಾಧ್ಯತೆಯೂ ಇದೆ. ಆರ್‌ಒ ನೀರೇ ಬೇಕು. ಆದರೆ ಮನೆಯ ಆರ್‌ಒ ಯಂತ್ರಗಳಲ್ಲಿ ರುಚಿಗೆಂದು ಸ್ವಲ್ಪ ಮೂಲ ನೀರನ್ನೋ ಖನಿಜವನ್ನೋ ಮತ್ತೆ ಬೆರೆಸುವ ವ್ಯವಸ್ಥೆ ಇರುತ್ತದೆ. ಸರ್ವಿಸ್‌ನವರಿಗೆ ಹೇಳಿ ಆ ಬೆರಕೆಗೆ ಮೊದಲೇ ಒಂದು ಕವಲು ತೆಗೆಸಿ, ಅದಕ್ಕೆ ಉಳಿದ ಲವಣವನ್ನೂ ಹಿಡಿದಿಡುವ ಡಿಐ ರೆಸಿನ್ ಡಬ್ಬಿ ಜೋಡಿಸಿ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಸೊನ್ನೆ ಬಿಟ್ಟು ಏರತೊಡಗಿದರೆ ರೆಸಿನ್ ಬದಲಿಸಿ. 20 ಲೀಟರ್ ಕ್ಯಾನಿನ ನೀರಿಗೂ ಖನಿಜ ಸೇರಿಸಿರುತ್ತಾರೆ, ಅದನ್ನು ನೆಚ್ಚಬೇಡಿ.

ಅಡುಗೆ ಉಪ್ಪು ನಡೆಯುವುದಿಲ್ಲ. ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್ ಎಲ್ಲ ಇವೆ. ಅಕ್ವೇರಿಯಂ ಉಪ್ಪಿನಲ್ಲಿ ಅವು ಅಳತೆಗೆ ಬೆರೆತಿರುತ್ತವೆ. ಮಂಗಳೂರಿನಿಂದ ಕ್ಯಾನುಗಳಲ್ಲಿ ಕಡಲನೀರು ತರುವ ಯೋಚನೆ ಕೆಲವರಿಗೆ ಬರುತ್ತದೆ. 250 ಕಿ.ಮೀ. ದಾರಿ, ದಡದ ನೀರಿನ ಕೊಳೆ, ಮಳೆಗಾಲದಲ್ಲಿ ಹೊಳೆನೀರು ಸೇರಿ ತಗ್ಗುವ ಉಪ್ಪು, ಇವೆಲ್ಲ ನೆನೆದರೆ ಅದು ಲಾಭದ ಕೆಲಸವಲ್ಲ. 150 ಲೀಟರಿಗೆ ಸುಮಾರು ಐದೂವರೆ ಕೆ.ಜಿ. ಉಪ್ಪು ಹಿಡಿಯುತ್ತದೆ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ 35 ಪಿಪಿಟಿ (ಸಾವಿರಕ್ಕೆ 35 ಪಾಲು), ಅಂದರೆ ಸಾಪೇಕ್ಷ ಸಾಂದ್ರತೆ 1.026ರ ಆಸುಪಾಸು ಬರಲಿ. ಪಿಎಚ್ 8.1ರಿಂದ 8.4, ಉಷ್ಣತೆ 24ರಿಂದ 26 ಡಿಗ್ರಿ.

ತಳಕ್ಕೆ ತಟ್ಟೆ ಇಟ್ಟು ಅದರ ಮೇಲೆ ನಿಧಾನ ನೀರು ಸುರಿದರೆ ಮರಳು ಕದಡುವುದಿಲ್ಲ. ನೊರೆ ಎಬ್ಬಿಸಿ ಕೊಳೆ ಎತ್ತುವ ಪ್ರೋಟೀನ್ ಸ್ಕಿಮ್ಮರ್ ಒಂದು, ನೀರನ್ನು ಅಲೆಯಾಡಿಸುವ ಪಂಪು ವೇವ್‌ಮೇಕರ್ ಒಂದು ಇರಲಿ. ವೇವ್‌ಮೇಕರ್ ಮೇಲ್ಭಾಗದಲ್ಲಿ, ಬಿಲದ ಭಾಗಕ್ಕೆ ನೇರವಾಗಿ ಹೊಡೆಯದಂತೆ ಇರಬೇಕು; ಮೀನು ಉಗುಳುವ ಮರಳು ಪಂಪಿನೊಳಗೆ ಹೋದರೆ ಪಂಪು ಸವೆಯುತ್ತದೆ.

ಇನ್ನು ಕಾಯಬೇಕು. ಒಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಡಿ. ಅದರಿಂದ ಅಮೋನಿಯಾ ಏಳುತ್ತದೆ, ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಮತ್ತೆ ನೈಟ್ರೇಟ್ ಮಾಡುತ್ತವೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದು ಅಲ್ಲೇ ನಿಲ್ಲಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಆಳದ ಮರಳನ್ನು ಹಾಗೇ ವರ್ಷಗಟ್ಟಲೆ ಬಿಟ್ಟರೆ ತಳದಲ್ಲಿ ಆಮ್ಲಜನಕವಿಲ್ಲದೆ ಹೈಡ್ರೋಜನ್ ಸಲ್ಫೈಡ್ ಕಟ್ಟಿಕೊಳ್ಳುತ್ತದೆ; ಹಳೆಯ ಮರಳಿಗೆ ತೋಡುವ ಮೀನು ಬಿಡುವುದು ಅಪಾಯ ಅನ್ನುವುದು ಇದೇ ಕಾರಣಕ್ಕೆ. ಅಮೋನಿಯಾ, ನೈಟ್ರೈಟ್ ಸೊನ್ನೆಗೆ ಇಳಿಯುವ ಈ ಸೈಕಲ್ ಮುಗಿದ ಕೂಡಲೇ, ಮರಳು ಹೊಸದಿರುವಾಗಲೇ ಜಾಫಿಶ್ ಬರಲಿ. ಟ್ಯಾಂಕಿನ ಮೊದಲ ಮೀನು ಅದೇ ಆಗಿರಲಿ.

ಮುಚ್ಚಳ

ಮುಚ್ಚಳವಿಲ್ಲದೆ ಜಾಫಿಶ್ ತರಬೇಡಿ. ನೆಲೆ ಸಿಗದ ಮೊದಲ ರಾತ್ರಿಗಳಲ್ಲಿ, ಲೈಟು ತಟ್ಟನೆ ಆರಿದಾಗ, ಇನ್ನೊಂದು ಮೀನು ಅಟ್ಟಿದಾಗ ಅದು ಮೇಲಕ್ಕೆ ಚಿಮ್ಮುತ್ತದೆ. ಬೆರಳು ತೂರುವಷ್ಟು ಸಂದಿಯೇ ಅದಕ್ಕೆ ಸಾಕು. ಗಾಜಿನ ಮುಚ್ಚಳ ನಮ್ಮ ಬೇಸಿಗೆಗೆ ಹೊಂದುವುದಿಲ್ಲ, ಬಿಸಿ ಒಳಗೇ ನಿಲ್ಲುತ್ತದೆ. ಕಿಟಕಿಗೆ ಸೊಳ್ಳೆ ಪರದೆ ಕೂರಿಸುವವರು ಅಲ್ಯೂಮಿನಿಯಂ ಚೌಕಟ್ಟಿನ ಜಾಲರಿ ಮಾಡಿಕೊಡುತ್ತಾರೆ. ಕಬ್ಬಿಣದ ಸ್ಕ್ರೂ ಇಲ್ಲದಂತೆ, ಫೈಬರ್ ಅಥವಾ ನೈಲಾನ್ ಜಾಲರಿ ಹಾಕಿಸಿ. ಪೈಪು, ವೈರು ಹೋಗುವ ಕಡೆ ಉಳಿಯುವ ಸಂದಿಗೆ ಸ್ಪಂಜು ತುರುಕಿ.

ಮೀನು ತರುವ ದಿನ

ಈ ಜಾತಿ ಅಟ್ಲಾಂಟಿಕ್‌ನಿಂದ ಬರಬೇಕಾದ್ದರಿಂದ ಬೆಲೆ ಹೆಚ್ಚು, ಹೇಳಿಟ್ಟು ತರಿಸಬೇಕಾಗುತ್ತದೆ. ಬಂದ ದಿನವೇ ಕೊಳ್ಳಬೇಡಿ. ಒಂದು ವಾರ ಅಂಗಡಿಯಲ್ಲೇ ಇರಲು ಬಿಟ್ಟು, ನಿಮ್ಮ ಕಣ್ಣೆದುರು ಊಟ ಹಾಕಲು ಹೇಳಿ. ಹೊಟ್ಟೆ ಒಳಕ್ಕೆ ಅಂಟಿರಬಾರದು, ಬಾಯಿಯ ಅಂಚು ಕಿತ್ತಿರಬಾರದು, ಮೈಮೇಲೆ ರವೆಯಂಥ ಬಿಳಿ ಚುಕ್ಕೆ ಇರಬಾರದು, ಉಸಿರಾಟ ಏದುಸಿರಿನಂತೆ ಇರಬಾರದು. ತಿನ್ನದ ಮೀನನ್ನು ಎಷ್ಟು ಕಡಿಮೆಗೆ ಕೊಟ್ಟರೂ ತರಬೇಡಿ.

ಬೆಂಗಳೂರಿನಿಂದ ತರುವುದಾದರೆ ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ಬೆಳಗಿನ ಹೊತ್ತು ಹೊರಡಿ. ಮನೆಗೆ ಬಂದ ಮೇಲೆ ಚೀಲವನ್ನು ಬಿಚ್ಚದೆ 20 ನಿಮಿಷ ನೀರಿನ ಮೇಲೆ ತೇಲಬಿಡಿ. ಬಳಿಕ ಬಿಚ್ಚಿ ಚೀಲದ ನೀರಿನ ಉಪ್ಪು ಅಳೆದು, ವ್ಯತ್ಯಾಸವಿದ್ದರೆ ಅರ್ಧ ಗಂಟೆಯಲ್ಲಿ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಸೇರಿಸಿ. ಅದಕ್ಕಿಂತ ಹೆಚ್ಚು ಎಳೆಯಬೇಡಿ. ಚೀಲ ಬಿಚ್ಚಿದ ಮೇಲೆ ಪಿಎಚ್ ಏರಿ, ಅದರಲ್ಲಿರುವ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಚೀಲದ ನೀರು ಟ್ಯಾಂಕಿಗೆ ಬೀಳಬಾರದು.

ಬೇರೆ ಮೀನುಗಳು ಆಗಲೇ ಇದ್ದರೆ ಎರಡು-ಮೂರು ವಾರ ಪ್ರತ್ಯೇಕ ಡಬ್ಬದಲ್ಲಿ ಇಟ್ಟು ನೋಡುವುದು ಒಳ್ಳೆಯದು. ಅಲ್ಲಿ ಅಡಗಲು ಪಿವಿಸಿ ಪೈಪು ಕೊಡಿ. ತಾಮ್ರದ ಔಷಧಿ ಹಾಕಬೇಕಾದ ಸಂದರ್ಭ ಬಂದರೆ ಆ ಡಬ್ಬದಲ್ಲಿ ಅರಗೊನೈಟ್ ಮರಳು ಇರಕೂಡದು, ಅದು ತಾಮ್ರವನ್ನು ಹೀರಿಕೊಂಡು ಪ್ರಮಾಣ ತಪ್ಪಿಸುತ್ತದೆ.

ಟ್ಯಾಂಕಿಗೆ ಬಿಡುವಾಗ ಲೈಟು ಆರಿಸಿ, ಹೂತಿಟ್ಟ ಪೈಪಿನ ಬಾಯಿಯ ಹತ್ತಿರ ಬಿಡಿ. ತೂತುಗಳಿರುವ ಪ್ಲಾಸ್ಟಿಕ್ ಬುಟ್ಟಿಯೊಂದನ್ನು ಬೋರಲಾಗಿ ಆ ಜಾಗದ ಮೇಲೆ ಎರಡು ದಿನ ಮುಚ್ಚಿಟ್ಟರೆ ಮೀನು ದಿಕ್ಕೆಟ್ಟು ಅಲೆಯದೆ ಅಲ್ಲೇ ತೋಡಲು ಶುರುಮಾಡುತ್ತದೆ. ಮೂರು-ನಾಲ್ಕು ದಿನ ಕಾಣಿಸದಿದ್ದರೂ ಹುಡುಕಬೇಡಿ, ಕಲ್ಲು ಎತ್ತಿ ನೋಡಬೇಡಿ. ಬಿಲದಿಂದ ಮರಳು ಹೊರಬೀಳುತ್ತಿದ್ದರೆ ಅದು ಆರೋಗ್ಯವಾಗಿದೆ ಎಂದೇ ಅರ್ಥ.

ಊಟ

ಮೈಸಿಸ್ ಸಿಗಡಿ, ಪೋಷಕಾಂಶ ಸೇರಿಸಿದ ಬ್ರೈನ್ ಶ್ರಿಂಪ್ ಫ್ರೋಜನ್ ಆಗಿ ಸಿಗುತ್ತವೆ. ಇವು ಮುಗಿದಾಗ ಮೀನಿನಂಗಡಿಯ ತಾಜಾ ಸಿಗಡಿಯೂ ಆದೀತು: ಸಿಪ್ಪೆ, ನರ ತೆಗೆದು, ಸಾಸಿವೆ ಕಾಳಿನಷ್ಟು ಸಣ್ಣಗೆ ಕೊಚ್ಚಿ, ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ. ಒಣಸಿಗಡಿ ಬೇಡ. ಕರಗಿದ ನೀರನ್ನು ಬಸಿದು, ಡ್ರಾಪರ್‌ನಲ್ಲಿ ಹೀರಿ, ಹರಿವು ಬಿಲದ ಕಡೆಗೆ ಒಯ್ಯುವಂತೆ ಸ್ವಲ್ಪ ದೂರದಿಂದ ಬಿಡಿ. ಬಿಲದೊಳಗೆ ತುರುಕಬೇಡಿ, ತಿನ್ನದೆ ಉಳಿದದ್ದು ಅಲ್ಲೇ ಕೊಳೆಯುತ್ತದೆ. ದಿನಕ್ಕೆ ಎರಡು-ಮೂರು ಸಲ, ಪ್ರತಿ ಸಲ ಸ್ವಲ್ಪವೇ. ಈ ಮೀನು ದಿನವಿಡೀ ಹೆಕ್ಕಿ ತಿನ್ನುವ ಜಾತಿ, ಒಂದೇ ಹೊತ್ತಿನ ದೊಡ್ಡ ಊಟ ಅದಕ್ಕೆ ಒಗ್ಗುವುದಿಲ್ಲ.

ಜೊತೆಗಾರರು

ಶಾಂತ ಮೀನುಗಳು ಮಾತ್ರ: ಫೈರ್‌ಫಿಶ್, ಕಾರ್ಡಿನಲ್, ಒಂದು ಜೋಡಿ ಒಸೆಲಾರಿಸ್ ಕ್ಲೌನ್. ಡಾಟಿಬ್ಯಾಕ್, ಟ್ರಿಗರ್, ಹಾಕ್‌ಫಿಶ್, ಜಗಳಗಂಟ ಡ್ಯಾಮ್ಸೆಲ್ ಬೇಡ. ಮರಳು ಜಾಲಾಡುವ ಡೈಮಂಡ್ ಗೋಬಿ, ಮರಳಿನ ನಕ್ಷತ್ರಮೀನು, ಪಿಸ್ತೂಲ್ ಸಿಗಡಿ ಕೂಡ ಬೇಡ, ನೆಲದ ಮೇಲೆ ಇಬ್ಬರ ಹಕ್ಕು ನಡೆಯುವುದಿಲ್ಲ. ತನ್ನದೇ ಜಾತಿಯ ಜೊತೆ ಜಾಫಿಶ್ ಹೊಂದಿಕೊಳ್ಳುತ್ತದೆ, ಕಡಲಲ್ಲೂ ಅವು ಗುಂಪಾಗಿಯೇ ಇರುತ್ತವೆ. ಆದರೆ ಎರಡಕ್ಕೆ ಈ ಟ್ಯಾಂಕಿನ ಪೂರ್ತಿ ತಳ ಆಳವಾಗಿರಬೇಕು. ಜೋಡಿ ಕೂಡಿದರೆ ಗಂಡು ಮೊಟ್ಟೆಯ ಉಂಡೆಯನ್ನು ಬಾಯಲ್ಲಿ ಹಿಡಿದು ಒಂದು ವಾರಕ್ಕೂ ತುಸು ಹೆಚ್ಚು ಕಾಲ ಕಾವು ಕೊಡುತ್ತದೆ. ಆಗ ಅದು ಸರಿಯಾಗಿ ತಿನ್ನದಿದ್ದರೆ ಕಾಯಿಲೆಯೆಂದು ಔಷಧಿ ಹಾಕಬೇಡಿ.

ಬೇಸಿಗೆ, ಕರೆಂಟು

ಮೈಸೂರಿನ ಹವೆ ಒಳ್ಳೆಯದು, ನಿಜ. ಆದರೂ ಏಪ್ರಿಲ್‌ನಲ್ಲಿ ತಾರಸಿ ಮನೆಯ ಕೋಣೆ 33 ಡಿಗ್ರಿ ಮುಟ್ಟುತ್ತದೆ, ಜನವರಿಯ ಬೆಳಗಿನ ಜಾವ ಹೊರಗೆ 16ಕ್ಕೆ ಇಳಿಯುತ್ತದೆ. ಚಳಿಗೆ 150 ವ್ಯಾಟ್ ಹೀಟರ್ ಬೇಕು. ಬೇಸಿಗೆಯಲ್ಲಿ ನೀರಿನ ಮೇಲ್ಮೈಗೆ ಓರೆಯಾಗಿ ಸಣ್ಣ ಫ್ಯಾನು ಬೀಸಿದರೆ ಆವಿಯಾಗುವಿಕೆಯಿಂದ 2-3 ಡಿಗ್ರಿ ಇಳಿಯುತ್ತದೆ. ನೀರು 28 ದಾಟುತ್ತಲೇ ಇದ್ದರೆ ಚಿಲ್ಲರ್ ಅನಿವಾರ್ಯ, ಅದರ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಫ್ಯಾನು ಹಾಕಿದ ದಿನಗಳಲ್ಲಿ ನೀರು ಬೇಗ ಇಂಗುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಆದ್ದರಿಂದ ದಿನವೂ ತುಂಬಬೇಕಾದ್ದು ಉಪ್ಪಿಲ್ಲದ ಆರ್‌ಒ ನೀರು.

ಕರೆಂಟು ಹೋದಾಗ ಹೀಟರ್, ಲೈಟು ನಿಂತರೆ ತೊಂದರೆಯಿಲ್ಲ, ನೀರಿನ ಚಲನೆ ನಿಲ್ಲಬಾರದು. ಬಿಸಿ ಉಪ್ಪುನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. ವೇವ್‌ಮೇಕರನ್ನು ಮನೆಯ ಯುಪಿಎಸ್ ಲೈನಿಗೆ ಕೊಡಿ, ಜೊತೆಗೆ ಬ್ಯಾಟರಿ ಏರ್ ಪಂಪು ಒಂದು ಇರಲಿ.

ವಾರಕ್ಕೊಮ್ಮೆ 15 ಲೀಟರ್ ನೀರು ಬದಲಿಸಿ. ಹೊಸ ನೀರನ್ನು ಹಿಂದಿನ ದಿನವೇ ಉಪ್ಪು ಬೆರೆಸಿ ಪಂಪು ಓಡಿಸಿಟ್ಟಿರಬೇಕು. ಕೊಳವೆಯಿಂದ ಕೊಳೆ ಎಳೆಯುವಾಗ ಕಡಿಮೆ ಆಳದ ಭಾಗದ ಮೇಲ್ಮೈ ಮಾತ್ರ ಮುಟ್ಟಿ, ಬಿಲದ ಕಡೆ ಹೋಗಬೇಡಿ. ಬಿಲವನ್ನು ಮೀನು ಒಮ್ಮೊಮ್ಮೆ ಬದಲಿಸುತ್ತದೆ, ಅದು ಸಹಜ. ವಾರಗಟ್ಟಲೆ ಒಂದು ಕಡೆ ನಿಲ್ಲದೆ ಜಾಗ ಬದಲಿಸುತ್ತಲೇ ಇದ್ದರೆ ಮಾತ್ರ ತುಣುಕುಗಳು ಸಾಲದೇ ಇರಬಹುದು, ಅಥವಾ ಹರಿವು ಬಿಲಕ್ಕೆ ಹೊಡೆಯುತ್ತಿರಬಹುದು. ಒಂದು ಹಿಡಿ ಚಿಪ್ಪಿನ ಚೂರನ್ನು ಮರಳಿನ ಮೇಲೆ ಹರಡಿ, ವೇವ್‌ಮೇಕರ್ ದಿಕ್ಕು ತಿರುಗಿಸಿ ನೋಡಿ.

ಊರಿಗೆ ಹೋಗುವಾಗ ಆಹಾರದ ಡಬ್ಬಿಯನ್ನೇ ಪಕ್ಕದ ಮನೆಯವರ ಕೈಗೆ ಕೊಡಬೇಡಿ. ಒಂದೊಂದು ಹೊತ್ತಿನದನ್ನು ಬೇರೆ ಬೇರೆ ಪೊಟ್ಟಣ ಮಾಡಿ ಫ್ರೀಜರಿನಲ್ಲಿಟ್ಟು ದಿನ ಬರೆದಿಡಿ, ಆರ್‌ಒ ನೀರಿನ ಕ್ಯಾನಿಗೂ ಉಪ್ಪುನೀರಿನ ಕ್ಯಾನಿಗೂ ದೊಡ್ಡ ಅಕ್ಷರದಲ್ಲಿ ಚೀಟಿ ಅಂಟಿಸಿ, ಊಟ ಹಾಕಿದ ಮೇಲೆ ಜಾಲರಿ ಮುಚ್ಚುವುದನ್ನು ಎದುರಿಗೇ ಮಾಡಿ ತೋರಿಸಿ.